ನಿಂತ ಕಿಡಿಗಿಂತ ಅವಸರದ ಕಿಡಿಯೇ ಅಪಾಯ: ಸಣ್ಣ ವಿಮಾನಗಳ ಎಲೆಕ್ಟ್ರಾನಿಕ್ ಇಗ್ನಿಷನ್ ಕಥೆ

ಸಣ್ಣ ವಿಮಾನ ಹಾರಿಸಲು ಕಲಿಯುವವರಿಗೆ ಮೊದಮೊದಲೇ ಧೈರ್ಯ ತುಂಬುವ ಮಾತೊಂದಿದೆ. ಎಂಜಿನ್‌ನಲ್ಲಿ ಇಗ್ನಿಷನ್, ಅಂದರೆ ಇಂಧನಕ್ಕೆ ಕಿಡಿ ತಾಗಿಸುವ ವ್ಯವಸ್ಥೆ, ಎರಡಿವೆ, ಒಂದು ಕೈಕೊಟ್ಟರೂ ಇನ್ನೊಂದು ನಿಮ್ಮನ್ನು ಮನೆ ತಲುಪಿಸುತ್ತದೆ ಅಂತ. ಸೆಸ್ನಾ 172ರಂಥ ವಿಮಾನದಲ್ಲಿ ಪ್ರತಿ ಸಿಲಿಂಡರ್‌ಗೂ ಎರಡು ಸ್ಪಾರ್ಕ್ ಪ್ಲಗ್. ಅವಕ್ಕೆ ಕಿಡಿ ಕಳಿಸಲು ಎರಡು ಬೇರೆ ಬೇರೆ ಮ್ಯಾಗ್ನೆಟೊಗಳು. ಟೇಕಾಫ್‌ಗೆ ಮುಂಚೆ ಕೀ ತಿರುಗಿಸಿ ಒಂದೊಂದನ್ನೇ ಪರೀಕ್ಷೆ ಮಾಡುತ್ತಾರೆ. ಎರಡೂ ಸರಿಯಿದ್ದರೆ ಹೊರಡುತ್ತಾರೆ.

ಆ ಮಾತು ನಿಜವೇ. ಆದರೆ ಅರ್ಧ ನಿಜ. ಒಂದು ಇಗ್ನಿಷನ್ ಕಿಡಿ ಕೊಡುವುದನ್ನೇ ನಿಲ್ಲಿಸಿದರೆ ಇನ್ನೊಂದು ಕಾಪಾಡುತ್ತದೆ. ಅದೇ ಇಗ್ನಿಷನ್ ಕಿಡಿಯನ್ನು ಬೇಗ ಕೊಡಲು ಶುರು ಮಾಡಿದರೆ? ಆಗ ಪಕ್ಕದಲ್ಲಿರುವ ಒಳ್ಳೆಯ ಇಗ್ನಿಷನ್‌ನಿಂದ ಏನೂ ಉಪಯೋಗವಿಲ್ಲ. ಮೊದಲು ಬಂದ ಕಿಡಿಯೇ ಬೆಂಕಿ ಹಚ್ಚುತ್ತದೆ. ಸರಿಯಾದ ಕಿಡಿ ಬರುವ ಹೊತ್ತಿಗೆ ಒಳಗೆ ಅರ್ಧ ಉರಿದಿರುತ್ತದೆ. ಮ್ಯಾಗ್ನೆಟೊ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವವರು ಈಗ ಜಾಸ್ತಿಯಾಗುತ್ತಿದ್ದಾರೆ. ಅವರು ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಇದನ್ನೇ.

ಒಂದೂವರೆ ಮಿಲಿಸೆಕೆಂಡ್ ಲೆಕ್ಕ

ಕಿಡಿ ಹಾರಿದ ಕೂಡಲೇ ಎಲ್ಲ ಪೆಟ್ರೋಲೂ ಒಮ್ಮೆಗೇ ಸ್ಫೋಟಿಸುವುದಿಲ್ಲ. ಬೆಂಕಿ ಪ್ಲಗ್‌ನ ತುದಿಯಿಂದ ಹೊರಟು ಸಿಲಿಂಡರಿನ ಆ ಕಡೆಗೆ ಹರಡಬೇಕು. ಲೈಕಮಿಂಗ್ ಕಂಪನಿಯ ಒ-360 ಎಂಜಿನ್ ತೆಗೆದುಕೊಳ್ಳಿ. ಒಂದೊಂದು ಸಿಲಿಂಡರ್ 130 ಮಿಲಿಮೀಟರ್ ಅಗಲ. ನಮ್ಮ ಕಾರುಗಳ ಸಿಲಿಂಡರ್‌ಗಳು ಇದರ ಮುಂದೆ ಪುಟಾಣಿಗಳು. ಅಷ್ಟು ದೂರ ಬೆಂಕಿ ಹರಡಲು ಸಮಯ ಬೇಕು. ಹಾಗಾಗಿ ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ ಕಿಡಿ ಕೊಡುತ್ತಾರೆ. ಈ ಎಂಜಿನ್‌ನಲ್ಲಿ ಪಿಸ್ಟನ್ ತುತ್ತತುದಿ ಮುಟ್ಟಲು ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಇನ್ನೂ 25 ಡಿಗ್ರಿ ತಿರುಗಬೇಕು ಅನ್ನುವಾಗ ಕಿಡಿ ಹಾರುತ್ತದೆ. ಆ ಗಳಿಗೆಯಲ್ಲಿ ಪಿಸ್ಟನ್ ತುದಿಯಿಂದ ಸುಮಾರು 7 ಮಿಲಿಮೀಟರ್ ಕೆಳಗಿರುತ್ತದೆ.

ನಿಮಿಷಕ್ಕೆ 2700 ಸುತ್ತು ಅಂದರೆ ಸೆಕೆಂಡಿಗೆ 45 ಸುತ್ತು. ಆ ವೇಗದಲ್ಲಿ 25 ಡಿಗ್ರಿ ತಿರುಗಲು ಬೇಕಾದ್ದು ಸುಮಾರು ಒಂದೂವರೆ ಮಿಲಿಸೆಕೆಂಡ್. ಅಷ್ಟರಲ್ಲಿ ಬೆಂಕಿ ಹಿಡಿದು, ಪಿಸ್ಟನ್ ತುದಿ ದಾಟಿ ಕೆಳಗಿಳಿಯಲು ಶುರು ಮಾಡಿ ಸುಮಾರು 15 ಡಿಗ್ರಿ ಆದಾಗ ಒತ್ತಡ ಗರಿಷ್ಠವಾಗಬೇಕು. ಉಯ್ಯಾಲೆ ತೂಗುವವರಿಗೆ ಇದು ಗೊತ್ತು: ಹಿಂದಕ್ಕೆ ಬಂದು ತಿರುಗಿದ ಮೇಲೆ ತಳ್ಳಿದರೆ ಸಲೀಸಾಗಿ ಹೋಗುತ್ತದೆ, ಇನ್ನೂ ನಮ್ಮ ಕಡೆಗೇ ಬರುತ್ತಿರುವಾಗ ತಳ್ಳಿದರೆ ಮಣಿಕಟ್ಟು ಉಳುಕುತ್ತದೆ.

ಕಿಡಿ ತಡವಾದರೆ ಶಕ್ತಿ ಕಡಿಮೆ. ಬೆಂಕಿಯ ಬಿಸಿ ಎಕ್ಸಾಸ್ಟ್‌ನಲ್ಲಿ ಹೊರಗೆ ಹೋಗುತ್ತದೆ. ನಷ್ಟ ಹೌದು, ಆದರೆ ಎಂಜಿನ್ ಬದುಕಿರುತ್ತದೆ. ಬೇಗವಾದರೆ ಹಾಗಲ್ಲ. ಪಿಸ್ಟನ್ ಮೇಲೆ ಬರುತ್ತಾ ಒತ್ತುತ್ತಿದೆ, ಬೆಂಕಿ ಕೆಳಕ್ಕೆ ತಳ್ಳುತ್ತಿದೆ. ಇಬ್ಬರ ನಡುವೆ ಸಿಕ್ಕಿಕೊಂಡ ಅನಿಲದ ಒತ್ತಡವೂ ಬಿಸಿಯೂ ಜರ್ರನೆ ಏರುತ್ತವೆ. ಇನ್ನೂ ಬೆಂಕಿ ತಲುಪದ ಮೂಲೆಯ ಪೆಟ್ರೋಲ್-ಗಾಳಿ ಮಿಶ್ರಣ ಈ ಬಿಸಿಗೆ ತಾನಾಗೇ ಒಮ್ಮೆಗೇ ಹೊತ್ತಿಕೊಳ್ಳಬಹುದು. ಅದೇ ಡೆಟೊನೇಷನ್. ಕಾರು, ಬೈಕಿನವರು ನಾಕಿಂಗ್ ಅನ್ನುತ್ತಾರೆ.

ಕಾರಿನಲ್ಲಿ ನಾಕಿಂಗ್ ಆದರೆ ಟಕ ಟಕ ಸದ್ದು ಕೇಳುತ್ತದೆ. ಈಗಿನ ಕಾರುಗಳಲ್ಲಂತೂ ಅದಕ್ಕೇ ಒಂದು ಸೆನ್ಸರ್ ಇದ್ದು, ಕಂಪ್ಯೂಟರ್ ತಾನೇ ಕಿಡಿಯನ್ನು ತಡ ಮಾಡುತ್ತದೆ. ಗಾಳಿಯಿಂದ ತಂಪಾಗುವ ವಿಮಾನದ ಎಂಜಿನ್‌ನಲ್ಲಿ ಈ ಎರಡೂ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಎಂಜಿನ್ನೇ ಅಷ್ಟೊಂದು ಗಲಾಟೆ ಮಾಡುತ್ತದೆ, ಜತೆಗೆ ಪ್ರೊಪೆಲ್ಲರ್ ಸದ್ದು, ಕಿವಿಯ ಮೇಲೆ ಹೆಡ್‌ಸೆಟ್. ಪೈಲಟ್‌ಗೆ ಏನೂ ಕೇಳಿಸುವುದಿಲ್ಲ.

ಹಳೆಯ ಮ್ಯಾಗ್ನೆಟೊ ಯಾಕೆ ಇನ್ನೂ ಇದೆ

ಮ್ಯಾಗ್ನೆಟೊ ದಡ್ಡ ಯಂತ್ರ. ಆಯಸ್ಕಾಂತ ತಿರುಗುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಪಾಯಿಂಟ್ ಅನ್ನುವ ಪುಟ್ಟ ಸ್ವಿಚ್ ತೆರೆದಾಗ ಕಿಡಿ ಹಾರುತ್ತದೆ. ಬ್ಯಾಟರಿ ಬೇಡ, ಆಲ್ಟರ್ನೇಟರ್ ಬೇಡ. ವಿಮಾನದ ವಿದ್ಯುತ್ ಪೂರ್ತಿ ಹೋದರೂ ಎಂಜಿನ್ ಓಡುತ್ತಲೇ ಇರುತ್ತದೆ. ಸುಮಾರು ಒಂದು ಶತಮಾನದಿಂದ ಇದನ್ನು ನಂಬಿರುವುದು ಸುಮ್ನೆ ಅಲ್ಲ.

ಅದರ ಕೊರತೆ ಏನೆಂದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಬದಲಾಗದು. ನೆಲದ ಮಟ್ಟದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗಲೂ 25 ಡಿಗ್ರಿ, 10,000 ಅಡಿ ಎತ್ತರದಲ್ಲಿ ತೆಳು ಗಾಳಿಯಲ್ಲೂ 25 ಡಿಗ್ರಿ. ಅತಿ ಕಷ್ಟದ ಪರಿಸ್ಥಿತಿಯಲ್ಲೂ ಡೆಟೊನೇಷನ್ ಆಗಬಾರದು ಅಂತ ಎಂಜಿನ್ ತಯಾರಿಸಿದವರು ಆ ಒಂದು ಸಂಖ್ಯೆ ಆರಿಸಿರುತ್ತಾರೆ. ಎತ್ತರದಲ್ಲಿ ಸಿಲಿಂಡರ್ ಒಳಗಿನ ಮಿಶ್ರಣ ತೆಳುವಾಗಿ, ನಿಧಾನಕ್ಕೆ ಉರಿಯುತ್ತದೆ. ಅಲ್ಲಿ ಕಿಡಿ ಇನ್ನೂ ಬೇಗ ಬಂದರೆ ಒಳ್ಳೆಯದು. ಮ್ಯಾಗ್ನೆಟೊಗೆ ಅದು ಗೊತ್ತಾಗುವುದಿಲ್ಲ.

ಎಲೆಕ್ಟ್ರಾನಿಕ್ ಇಗ್ನಿಷನ್‌ಗೆ ಗೊತ್ತಾಗುತ್ತದೆ. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಒಂದು ಸೆನ್ಸರ್ ಹೇಳುತ್ತದೆ. ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಅನ್ನುವುದನ್ನು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆ) ಒಳಗಿನ ಒತ್ತಡ ನೋಡಿ ಇನ್ನೊಂದು ಸೆನ್ಸರ್ ಹೇಳುತ್ತದೆ. ಇವೆರಡನ್ನೂ ನೋಡಿ ಪೆಟ್ಟಿಗೆಯೊಳಗಿನ ಚಿಪ್ ಕಿಡಿಯ ಹೊತ್ತನ್ನು ನಿರ್ಧರಿಸುತ್ತದೆ. ಎತ್ತರದಲ್ಲಿ ಕ್ರೂಸ್ ಮಾಡುವಾಗ 30 ಡಿಗ್ರಿಗೂ ಮುಂಚೆಯೇ ಕಿಡಿ ಹಾರಿಸುತ್ತದೆ. ಇಂಧನ ಉಳಿಯುತ್ತದೆ, ಸ್ಟಾರ್ಟ್ ಸುಲಭ, ಕಿಡಿ ಬಲವಾಗಿರುತ್ತದೆ, ಸವೆಯುವ ಪಾಯಿಂಟ್‌ಗಳ ಕಾಟವಿಲ್ಲ. ಮ್ಯಾಗ್ನೆಟೊಗಳನ್ನು 500 ಗಂಟೆಗೊಮ್ಮೆ ಬಿಚ್ಚಿ ನೋಡುವ ಖರ್ಚು ಅನುಭವಿಸಿದವರಿಗೆ ಇದರ ಬೆಲೆ ಗೊತ್ತು. ಲಾಭ ನಿಜ. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ.

ಆದರೆ ಒಂದು ವ್ಯತ್ಯಾಸ ನೋಡಿ. ಮ್ಯಾಗ್ನೆಟೊದ ಟೈಮಿಂಗ್ ಸಾಮಾನ್ಯವಾಗಿ ಮೆಲ್ಲಗೆ ಜಾರುತ್ತದೆ. ಪಾಯಿಂಟ್ ಸವೆದರೆ ಕಿಡಿ ಸ್ವಲ್ಪ ಬೇಗ, ಕ್ಯಾಮ್ ಮೇಲೆ ಒರಸುವ ತುಂಡು ಸವೆದರೆ ಸ್ವಲ್ಪ ತಡ. ಒಂದೆರಡು ಡಿಗ್ರಿ, ನೂರಾರು ಗಂಟೆಗಳಲ್ಲಿ. ಒಳಗಿನ ಗೇರ್ ಹಲ್ಲು ಮುರಿದಾಗ ಎಲ್ಲೆಂದರಲ್ಲಿ ಕಿಡಿ ಹಾರಿಸಿ ಎಂಜಿನ್ ಅನ್ನು ನಡುಗಿಸುವುದೂ ಉಂಟು, ಆದರೆ ಅದು ಅಪರೂಪ, ಮತ್ತು ಗೊತ್ತಾಗದೆ ಇರುವುದಿಲ್ಲ. ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾತ್ರ ತಪ್ಪನ್ನೂ ಬಲು ನಿಖರವಾಗಿ ಮಾಡುತ್ತದೆ. ಎಂಜಿನ್ ಸ್ವಲ್ಪವೂ ಅದುರದೆ, ಪ್ರತಿ ಸುತ್ತಿನಲ್ಲೂ, ಅಷ್ಟೇ ತಪ್ಪು.

25 ಹೋಗಿ 50 ಆಗುವುದು ಹೀಗೆ

ಮ್ಯಾಗ್ನೆಟೊ ಕೂರಿಸುವಾಗ ಮೆಕ್ಯಾನಿಕ್ ಏನು ಮಾಡುತ್ತಾರೆ? ಕ್ರ್ಯಾಂಕ್‌ಶಾಫ್ಟ್ ಅನ್ನು 25 ಡಿಗ್ರಿ ಗುರುತಿಗೆ ತಂದು ನಿಲ್ಲಿಸುತ್ತಾರೆ. ಪಾಯಿಂಟ್ ಸರಿಯಾಗಿ ಅಲ್ಲೇ ತೆರೆಯುವಂತೆ ಮ್ಯಾಗ್ನೆಟೊ ತಿರುಗಿಸಿ ಬೋಲ್ಟ್ ಬಿಗಿಯುತ್ತಾರೆ. ವರ್ಷಗಟ್ಟಲೆ ಇದನ್ನೇ ಮಾಡಿದ ಕೈಗೆ 25ರ ಗುರುತು ಕಣ್ಣು ಮುಚ್ಚಿಯೂ ಸಿಗುತ್ತದೆ.

ಆದರೆ ಹಲವು ಎಲೆಕ್ಟ್ರಾನಿಕ್ ಇಗ್ನಿಷನ್‌ಗಳನ್ನು ಕೂರಿಸಬೇಕಾದ್ದು 25 ಡಿಗ್ರಿಯಲ್ಲಲ್ಲ, ಪಿಸ್ಟನ್ ತುತ್ತತುದಿಯಲ್ಲಿದ್ದಾಗ. ಅಂದರೆ ಸೊನ್ನೆ ಡಿಗ್ರಿಯಲ್ಲಿ. ಸೊನ್ನೆ ಎಲ್ಲಿದೆ ಅಂತ ನಾವು ತೋರಿಸಿಕೊಡುತ್ತೇವೆ, ಅಲ್ಲಿಂದ ಎಷ್ಟು ಹಿಂದೆ ಕಿಡಿ ಹಾರಿಸಬೇಕು ಅನ್ನುವುದನ್ನು ಪೆಟ್ಟಿಗೆ ಲೆಕ್ಕ ಹಾಕಿಕೊಳ್ಳುತ್ತದೆ. ಸೊನ್ನೆ ಸಿಕ್ಕಿತು ಅಂತ ಹೇಳಲು ಒಂದು ಪುಟ್ಟ ದೀಪ ಹೊತ್ತುತ್ತದೆ. ಅಮೆರಿಕದಲ್ಲಿ ಜನಪ್ರಿಯವಾದ ಪಿ-ಮ್ಯಾಗ್‌ನಲ್ಲಂತೂ ಸೊನ್ನೆ ತೋರಿಸುವ ರೀತಿ ತಮಾಷೆಯಾಗಿದೆ. ಒತ್ತಡ ಅಳೆಯುವ ಕೊಳವೆಗೆ ಬಾಯಿಂದ ಊದಬೇಕು. ಹೊಸಬರು ನಂಬುವುದೇ ಇಲ್ಲ.

ಈಗ ಹಳೆಯ ಅಭ್ಯಾಸದ ಕೈ 25ರ ಗುರುತಿಗೇ ತಂದು ನಿಲ್ಲಿಸಿ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಕೂರಿಸಿತು ಅಂದುಕೊಳ್ಳಿ. ಪೆಟ್ಟಿಗೆ ಅದನ್ನೇ ಸೊನ್ನೆ ಅಂತ ನಂಬುತ್ತದೆ. ಅಲ್ಲಿಂದ 25 ಡಿಗ್ರಿ ಹಿಂದೆ ಕಿಡಿ ಹಾರಿಸುತ್ತದೆ. ನಿಜವಾದ ಲೆಕ್ಕದಲ್ಲಿ ಅದು 50 ಡಿಗ್ರಿ. ಪಿಸ್ಟನ್ ಇನ್ನೂ ಎರಡೂವರೆ ಸೆಂಟಿಮೀಟರ್ ಕೆಳಗಿರುವಾಗಲೇ ಬೆಂಕಿ ಹೊತ್ತಿರುತ್ತದೆ. ಈ ಟೈಮಿಂಗ್‌ನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಟೇಕಾಫ್ ಮಾಡುವುದೆಂದರೆ ಎಂಜಿನ್ ಅನ್ನು ಕೈಯಾರೆ ಒಡೆದಂತೆ.

ಗುರುತುಗಳಲ್ಲೂ ಒಂದು ಗುಂಡಿ ಇದೆ. ಲೈಕಮಿಂಗ್ ಎಂಜಿನ್‌ನ ಮುಂದಿನ ಹಲ್ಲಿನ ಚಕ್ರದ ಮೇಲೆ ಎರಡೂ ಬದಿಯಲ್ಲಿ ಗುರುತುಗಳಿರುತ್ತವೆ. ಮುಂಬದಿಯವನ್ನು ಸ್ಟಾರ್ಟರ್ ಮೇಲಿನ ಸಣ್ಣ ತೂತಿಗೆ ಹೊಂದಿಸಬೇಕು. ಹಿಂಬದಿಯವನ್ನು ಎಂಜಿನ್ ಎರಡು ಹೋಳು ಕೂಡುವ ಗೆರೆಗೆ ಹೊಂದಿಸಬೇಕು. ಈ ಬದಿಯ ಗುರುತನ್ನು ಆ ಬದಿಯ ಜಾಗಕ್ಕೆ ಹೊಂದಿಸಿದರೆ ಎಲ್ಲ ತಲೆಕೆಳಗು. ಅದಕ್ಕೇ ಜಾಣ ಮೆಕ್ಯಾನಿಕ್‌ಗಳು ಗುರುತನ್ನು ಮಾತ್ರ ನಂಬದೆ, ಪ್ಲಗ್ ತೆಗೆದು ಪಿಸ್ಟನ್ ನಿಜವಾಗಿ ತುದಿಯಲ್ಲಿದೆಯಾ ಅಂತ ನೋಡಿಯೇ ಮುಂದುವರಿಯುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ಸಣ್ಣದು, ಹಾಗಾಗಿ ಕಣ್ಣಿಗೆ ಬೀಳದೆ ಹೋಗುವಂಥದ್ದು. ಕೆಲವು ಇಗ್ನಿಷನ್‌ಗಳಲ್ಲಿ ಮೂಲ ಟೈಮಿಂಗ್ ಅನ್ನು ಅಕ್ಕಿಕಾಳಿನಷ್ಟು ಪುಟ್ಟ ಸ್ವಿಚ್‌ಗಳ ಸಾಲಿನಿಂದ ಆರಿಸಬೇಕು. ಎಲ್ಲ ಎಂಜಿನ್‌ಗೂ 25 ಅಲ್ಲ. ಕೆಲವು 200 ಕುದುರೆಶಕ್ತಿಯ ಐಒ-360 ಎಂಜಿನ್‌ಗಳಿಗೆ 20 ಡಿಗ್ರಿ. ಒಂದೇ ಮಾದರಿಯ ಎಂಜಿನ್‌ನಲ್ಲೂ ಹಿಂದೆ 25 ಇದ್ದದ್ದನ್ನು 20ಕ್ಕೆ ಇಳಿಸಿರಬಹುದು. ಎಂಜಿನ್‌ಗೆ ಅಂಟಿಸಿರುವ ಲೋಹದ ಫಲಕದಲ್ಲಿ ಅಚ್ಚು ಹೊಡೆದಿರುವ ಸಂಖ್ಯೆಯೇ ಕೊನೆಯ ಮಾತು. ಪಕ್ಕದ ಹ್ಯಾಂಗರಿನವರ ಎಂಜಿನ್‌ನಲ್ಲಿ ಎಷ್ಟಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಐದೇ ಡಿಗ್ರಿ ಅಲ್ವಾ ಅನ್ನಿಸಬಹುದು. ಬಿಸಿಲಿನಲ್ಲಿ, ಭಾರ ಹೊತ್ತು, ಮೂಗು ಎತ್ತಿ ಏರುತ್ತಿರುವಾಗ ಡೆಟೊನೇಷನ್‌ಗೆ ಉಳಿದಿರುವ ಅಂತರವನ್ನು ಐದು ಡಿಗ್ರಿ ತಿಂದುಹಾಕಬಲ್ಲದು.

ಒಂದು ರಬ್ಬರ್ ಕೊಳವೆ

ಮ್ಯಾನಿಫೋಲ್ಡ್‌ನಿಂದ ಸೆನ್ಸರ್‌ಗೆ ಬರುವ ಕೊಳವೆ ಕಳಚಿಬಿದ್ದರೆ ಏನಾಗುತ್ತದೆ? ಸೆನ್ಸರ್ ಆಗ ಹೊರಗಿನ ಗಾಳಿಯ ಒತ್ತಡ ಓದುತ್ತದೆ. ನೆಲದ ಹತ್ತಿರ ಅದು ಜಾಸ್ತಿ. ಎಂಜಿನ್ ಪೂರ್ತಿ ದುಡಿಯುತ್ತಿದೆ ಅಂತ ಪೆಟ್ಟಿಗೆ ತಿಳಿದು ಕಿಡಿಯನ್ನು ತಡ ಮಾಡುತ್ತದೆ, ಅಂದರೆ ಸುರಕ್ಷಿತ ಕಡೆಗೆ ಸರಿಸುತ್ತದೆ. ಸ್ವಲ್ಪ ಇಂಧನ ಹೆಚ್ಚು ಖರ್ಚಾಗುತ್ತದೆ, ಅಷ್ಟೇ. ಒಳ್ಳೆಯ ವಿನ್ಯಾಸ ಅಂದರೆ ಇದು.

ಟರ್ಬೊ ಎಂಜಿನ್‌ನಲ್ಲಿ ಇದೇ ಲೆಕ್ಕ ಉಲ್ಟಾ ಹೊಡೆಯುತ್ತದೆ. 18,000 ಅಡಿಯಲ್ಲಿ ಹೊರಗಿನ ಒತ್ತಡ ಸುಮಾರು 15 ಇಂಚು ಪಾದರಸ. ಟರ್ಬೊ ತುಂಬಿಸುವ ಗಾಳಿಯಿಂದ ಮ್ಯಾನಿಫೋಲ್ಡ್ ಒಳಗೆ ಅದು 30 ಇಂಚು ಮೀರಿರಬಹುದು. ಕೊಳವೆ ಕಳಚಿದರೆ ಸೆನ್ಸರ್ 15 ಅಂತ ಓದುತ್ತದೆ. ಎಂಜಿನ್ ಆರಾಮಾಗಿದೆ ಅಂದುಕೊಂಡು ಪೆಟ್ಟಿಗೆ ಕಿಡಿಯನ್ನು ಇನ್ನಷ್ಟು ಬೇಗ ಹಾರಿಸುತ್ತದೆ. ಒಂದು ರಬ್ಬರ್ ಕೊಳವೆ, ಒಂದು ಸಡಿಲ ಕ್ಲಿಪ್. ಟರ್ಬೊ ಎಂಜಿನ್‌ಗಳಲ್ಲಿ ಬದಲಾಗುವ ಟೈಮಿಂಗ್ ಬಳಸುವ ಮುಂಚೆ ನೂರು ಬಾರಿ ಯೋಚಿಸಬೇಕು ಅನ್ನುವುದು ಇದಕ್ಕೇ.

ಕೊಳವೆಯನ್ನು ಕಣ್ಣಿಂದ ನೋಡುವುದರ ಜತೆಗೆ ಸುಲಭದ ಪರೀಕ್ಷೆಯೊಂದಿದೆ. ಇಗ್ನಿಷನ್ ಪೆಟ್ಟಿಗೆ ತಾನು ಓದುವ ಒತ್ತಡವನ್ನು ತೋರಿಸುವಂಥದ್ದಾದರೆ, ಎಂಜಿನ್ ನಿಂತಿರುವಾಗ ಅದು ಆ ಜಾಗದ ಗಾಳಿಯ ಒತ್ತಡಕ್ಕೆ ಸಮ ಇರಬೇಕು. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ 27 ಇಂಚಿನ ಆಸುಪಾಸು ಬರಬೇಕು. ಎಂಜಿನ್ ಐಡಲ್‌ನಲ್ಲಿ ಓಡುವಾಗ ಅದು ಚೆನ್ನಾಗಿ ಇಳಿಯಬೇಕು. ಇಳಿಯದಿದ್ದರೆ ಕೊಳವೆಯಲ್ಲಿ ಎಲ್ಲೋ ಸೋರಿಕೆ ಇದೆ ಅಂತ ಅರ್ಥ.

ಬ್ಯಾಟರಿ ಸೋತಾಗ

ಸ್ಟಾರ್ಟರ್ ತಿರುಗಿಸುವಾಗ ಎಂಜಿನ್ ನಿಧಾನಕ್ಕೆ ಸುತ್ತುತ್ತದೆ. ಆಗ 25 ಡಿಗ್ರಿ ಮುಂಚೆ ಕಿಡಿ ಹಾರಿದರೆ ಪಿಸ್ಟನ್ ತುದಿ ದಾಟುವ ಮೊದಲೇ ಬೆಂಕಿ ಅದನ್ನು ಹಿಂದಕ್ಕೆ ಒದೆಯುತ್ತದೆ. ಪ್ರೊಪೆಲ್ಲರ್ ಉಲ್ಟಾ ತಿರುಗಲು ನೋಡುತ್ತದೆ, ಸ್ಟಾರ್ಟರ್ ಮುರಿಯುತ್ತದೆ. ಮ್ಯಾಗ್ನೆಟೊದಲ್ಲಿ ಇದನ್ನು ತಪ್ಪಿಸಲು ಇಂಪಲ್ಸ್ ಕಪ್ಲಿಂಗ್ ಅನ್ನುವ ಸ್ಪ್ರಿಂಗ್ ಇದೆ. ಕೈಯಿಂದ ಪ್ರೊಪೆಲ್ಲರ್ ತಿರುಗಿಸಿದಾಗ ‘ಟಕ್’ ಅಂತ ಕೇಳುವ ಸದ್ದು ಅದರದ್ದೇ. ಎಲೆಕ್ಟ್ರಾನಿಕ್ ಪೆಟ್ಟಿಗೆ ಈ ಕೆಲಸವನ್ನು ತಾನೇ ಮಾಡುತ್ತದೆ, ಸ್ಟಾರ್ಟ್ ಆಗುವಾಗ ಕಿಡಿಯನ್ನು ತುದಿಯ ಹತ್ತಿರಕ್ಕೆ ತಡ ಮಾಡುತ್ತದೆ.

ಹಾಗಾಗಿ ಹೊಸ ಇಗ್ನಿಷನ್ ಹಾಕಿಸಿದ ಮೇಲೆ ಮೊದಲ ಸ್ಟಾರ್ಟ್‌ನಲ್ಲೇ ಎಂಜಿನ್ ಹಿಂದಕ್ಕೆ ಒದ್ದರೆ ಅದನ್ನು ಎಚ್ಚರಿಕೆ ಅಂತಲೇ ತಿಳಿಯಬೇಕು. ಸೊನ್ನೆ ತಪ್ಪು ಜಾಗದಲ್ಲಿದೆ ಅನ್ನುವುದಕ್ಕೆ ಅದೇ ಮೊದಲ ಸಾಕ್ಷಿ ಇರಬಹುದು. ಇನ್ನೊಂದು ಸಲ ನೋಡೋಣ ಅಂತ ಮತ್ತೆ ಕೀ ತಿರುಗಿಸಬಾರದು. ಬ್ಯಾಟರಿ ಸೋತು ವೋಲ್ಟೇಜ್ ಕುಸಿದು ಚಿಪ್ ನಡುವೆಯೇ ರೀಸೆಟ್ ಆದರೂ ಕಿಡಿಯ ಲೆಕ್ಕ ತಪ್ಪಬಹುದು.

ವೋಲ್ಟೇಜ್ ಕುಸಿತ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ 2007ರ ಮಾರ್ಚ್‌ನಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ನಡೆದದ್ದೇ ಸಾಕು. ಅದು ಡೈಮಂಡ್ ಡಿಎ42, ಎರಡು ಡೀಸೆಲ್ ಎಂಜಿನ್‌ಗಳ ವಿಮಾನ. ಡೀಸೆಲ್‌ಗೆ ಕಿಡಿ ಬೇಡ, ಆದರೆ ಎಂಜಿನ್ ನಡೆಸುವುದು ಕಂಪ್ಯೂಟರ್. ಬ್ಯಾಟರಿ ಸತ್ತಿತ್ತು. ಹೊರಗಿನ ವಿದ್ಯುತ್ ಕೊಟ್ಟು ಸ್ಟಾರ್ಟ್ ಮಾಡಿದರು. ಟೇಕಾಫ್ ಆಗಿ ಚಕ್ರ ಒಳಗೆ ಮಡಚುವಾಗ ಮೋಟರ್ ಎಳೆದ ವಿದ್ಯುತ್‌ಗೆ ವೋಲ್ಟೇಜ್ ಒಂದು ಕ್ಷಣ ಕುಸಿಯಿತು. ಎರಡೂ ಎಂಜಿನ್‌ಗಳ ಕಂಪ್ಯೂಟರ್‌ಗಳು ರೀಸೆಟ್ ಆದವು. ಎರಡೂ ಎಂಜಿನ್ ಒಟ್ಟಿಗೇ ನಿಂತವು. ಎರಡಿವೆಯಲ್ಲ ಅನ್ನುವ ಧೈರ್ಯ ಅಲ್ಲೂ ಕೈಕೊಟ್ಟಿತು, ಯಾಕೆಂದರೆ ಎರಡಕ್ಕೂ ಅನ್ನ ಹಾಕುವ ಕೈ ಒಂದೇ ಆಗಿತ್ತು.

ಇದಕ್ಕೇ ಒಂದು ಕಡೆ ಎಲೆಕ್ಟ್ರಾನಿಕ್, ಇನ್ನೊಂದು ಕಡೆ ಮ್ಯಾಗ್ನೆಟೊ ಉಳಿಸಿಕೊಳ್ಳುವವರು ಬಹಳ ಜನ. ನನಗೂ ಅದೇ ಬುದ್ಧಿವಂತಿಕೆ ಅನ್ನಿಸುತ್ತದೆ. ಎರಡೂ ಎಲೆಕ್ಟ್ರಾನಿಕ್ ಆಗಲೇಬೇಕು ಅಂದರೆ ಪ್ರತ್ಯೇಕ ಬ್ಯಾಕಪ್ ಬ್ಯಾಟರಿ ಬೇಕು, ಅಥವಾ ಪಿ-ಮ್ಯಾಗ್‌ನಂತೆ ಓಡುವಾಗ ತನ್ನ ವಿದ್ಯುತ್ ತಾನೇ ಹುಟ್ಟಿಸಿಕೊಳ್ಳುವ ಪೆಟ್ಟಿಗೆ ಬೇಕು.

ಶುರುವಿನಿಂದಲೇ ಎಲೆಕ್ಟ್ರಾನಿಕ್ ಆಗಿ ವಿನ್ಯಾಸ ಮಾಡಿದ ಎಂಜಿನ್‌ಗಳ ಮಾತು ಬೇರೆ. ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಕಟ್ಟಿ 2021ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿ ಹಾರಿಸಿದ ಹಂಸ-ಎನ್‌ಜಿ ತರಬೇತಿ ವಿಮಾನದಲ್ಲಿ ರೋಟ್ಯಾಕ್ಸ್ 912 ಐಎಸ್‌ಸಿ ಎಂಜಿನ್ ಇದೆ. ಅದರಲ್ಲಿ ಇಂಧನ, ಕಿಡಿ ಎರಡನ್ನೂ ನೋಡಿಕೊಳ್ಳುವ ಎರಡು ಸಾಲಿನ ಕಂಪ್ಯೂಟರ್. ಎಂಜಿನ್‌ಗೇ ಅಂಟಿದ ಜನರೇಟರ್‌ಗಳು. ಸಿಲಿಂಡರ್ ತಲೆಗೆ ನೀರಿನ ತಂಪು. ಎಲ್ಲವನ್ನೂ ಒಟ್ಟಿಗೇ ಪರೀಕ್ಷೆ ಮಾಡಿ ಕೊಟ್ಟಿದ್ದಾರೆ. ಅರವತ್ತು ವರ್ಷದ ಹಿಂದಿನ ಎಂಜಿನ್‌ಗೆ ನಿನ್ನೆಯ ಪೆಟ್ಟಿಗೆ ಜೋಡಿಸುವಾಗ ಆ ಪರೀಕ್ಷೆಯ ಭಾರ ಬಹುಪಾಲು ಜೋಡಿಸುವವರ ಮೇಲೆ ಬೀಳುತ್ತದೆ.

ಮೋಸ ಮಾಡುವ ಪರೀಕ್ಷೆ

ಟೇಕಾಫ್‌ಗೆ ಮುಂಚಿನ ಪರೀಕ್ಷೆಯಲ್ಲಿ ಇದೆಲ್ಲ ಗೊತ್ತಾಗುವುದಿಲ್ಲವೇ? ಗೊತ್ತಾಗದಿರುವ ಸಾಧ್ಯತೆಯೇ ಜಾಸ್ತಿ. ಸೆಸ್ನಾ 172ಎಸ್‌ನಲ್ಲಿ ಎಂಜಿನ್ ಅನ್ನು 1800 ಸುತ್ತಿಗೆ ಏರಿಸಿ, ಒಂದು ಇಗ್ನಿಷನ್ ಆಫ್ ಮಾಡಿದಾಗ ಸುತ್ತು 150ಕ್ಕಿಂತ ಹೆಚ್ಚು ಇಳಿಯಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು ಅಂತ ಕೈಪಿಡಿ ಹೇಳುತ್ತದೆ. ಒಂದೇ ಪ್ಲಗ್ ಇದ್ದಾಗ ಬೆಂಕಿ ಹರಡಲು ಹೆಚ್ಚು ಹೊತ್ತು ಬೇಕು, ಅದಕ್ಕೇ ಸುತ್ತು ಇಳಿಯುತ್ತದೆ. ಆದರೆ ಆ ಒಂದು ಪ್ಲಗ್‌ನ ಕಿಡಿ ಮೊದಲೇ ಬೇಗ ಬರುತ್ತಿದ್ದರೆ? ಇಳಿತ ಕಡಿಮೆಯಾಗುತ್ತದೆ. ‘ಅಬ್ಬಾ, ಹೊಸ ಇಗ್ನಿಷನ್ ಎಷ್ಟು ಚೆನ್ನಾಗಿದೆ’ ಅಂತ ಪೈಲಟ್ ಖುಷಿಯಾಗುತ್ತಾರೆ. ಕಾರ್ಯಾಗಾರದಿಂದ ಹೊರಬಂದ ಮೇಲೆ ಇಳಿತ ಹಠಾತ್ತಾಗಿ ಚಿಕ್ಕದಾಗಿದ್ದರೆ ಹಿಗ್ಗುವ ಬದಲು ಯಾಕೆ ಅಂತ ಕೇಳಬೇಕು. ಬದಲಾಗುವ ಟೈಮಿಂಗ್ ಇರುವ ಪೆಟ್ಟಿಗೆಗಳಲ್ಲಿ ಇಳಿತ ಕಡಿಮೆ ಇರುವುದು ಸಹಜವೂ ಹೌದು. ಅದಕ್ಕೇ ತಯಾರಕರು ಕೊಟ್ಟ ಸಂಖ್ಯೆಗೆ ಹೋಲಿಸಬೇಕು, ಹಳೆಯ ನೆನಪಿಗಲ್ಲ.

ಆಕಾಶದಲ್ಲಿ ಸತ್ಯ ಹೇಳುವುದು ಎರಡು ತಾಪಮಾನಗಳು. ಕಿಡಿ ತಡವಾದರೆ, ಅಥವಾ ಒಂದು ಪ್ಲಗ್ ಸತ್ತರೆ, ಎಕ್ಸಾಸ್ಟ್ ಬಿಸಿ ಏರುತ್ತದೆ. ಕಿಡಿ ಬೇಗವಾದರೆ ಎಕ್ಸಾಸ್ಟ್ ಬಿಸಿ ಇಳಿಯುತ್ತದೆ, ಸಿಲಿಂಡರ್ ತಲೆಯ ಬಿಸಿ ಏರುತ್ತದೆ. ಬಿಸಿ ಹೊರಗೆ ಹೋಗುವ ಬದಲು ಲೋಹದೊಳಗೆ ಇಳಿಯುತ್ತಿದೆ ಅಂತ ಅರ್ಥ. ಒಂದು ಇಳಿದು ಇನ್ನೊಂದು ಏರಿದರೆ, ಅದೂ ಎಲ್ಲ ಸಿಲಿಂಡರ್‌ಗಳಲ್ಲೂ ಒಟ್ಟಿಗೆ, ಮೊದಲು ಅನುಮಾನ ಬರಬೇಕಾದ್ದು ಟೈಮಿಂಗ್ ಮೇಲೆ. ಲೈಕಮಿಂಗ್‌ನ ಹಲವು ಎಂಜಿನ್‌ಗಳಲ್ಲಿ ಸಿಲಿಂಡರ್ ತಲೆಯ ಗರಿಷ್ಠ ಮಿತಿ 260 ಡಿಗ್ರಿ ಸೆಲ್ಸಿಯಸ್. ಅಲ್ಲಿಯವರೆಗೆ ಕಾಯಬೇಡಿ. ಡೆಟೊನೇಷನ್ ಶುರುವಾದರೆ ಮುಳ್ಳು ನೋಡನೋಡುತ್ತಲೇ ಓಡುತ್ತದೆ.

ಆಗ ಮಾಡಬೇಕಾದ್ದು: ಥ್ರಾಟಲ್ ಇಳಿಸಿ, ಮಿಶ್ರಣ ಪೂರ್ತಿ ರಿಚ್ ಮಾಡಿ (ಪೆಟ್ರೋಲ್ ಪಾಲು ಹೆಚ್ಚಿಸಿ), ಮೂಗು ಸ್ವಲ್ಪ ತಗ್ಗಿಸಿ ಗಾಳಿ ಹರಿಯಲು ಬಿಡಿ. ಸುರಕ್ಷಿತ ಎತ್ತರ ಇದ್ದರೆ, ಅನುಮಾನ ಇರುವ ಇಗ್ನಿಷನ್ ಅನ್ನು ಆಫ್ ಮಾಡಿ. ‘ಎರಡೂ ಆನ್ ಇರಲಿ, ಸೇಫ್’ ಅನ್ನುವ ಕಲಿತ ಬುದ್ಧಿ ಇಲ್ಲಿ ಕೈ ತಡೆಯುತ್ತದೆ. ಆದರೆ ಎಂಜಿನ್ ಒಂದು ಇಗ್ನಿಷನ್‌ನಲ್ಲಿ ಚೆನ್ನಾಗೇ ಓಡುತ್ತದೆ, ಸ್ವಲ್ಪ ಶಕ್ತಿ ಕಡಿಮೆ ಅಷ್ಟೇ. ಇಲ್ಲೊಂದು ಸೂಕ್ಷ್ಮ ಇದೆ. ಕೆಲವು ಎಲೆಕ್ಟ್ರಾನಿಕ್ ಇಗ್ನಿಷನ್‌ಗಳಿಗೆ ವಿದ್ಯುತ್ ನೇರ ಬ್ಯಾಟರಿಯಿಂದ ಬರುತ್ತದೆ, ಮಾಸ್ಟರ್ ಸ್ವಿಚ್ ಆಫ್ ಮಾಡಿದರೂ ಅವು ಕಿಡಿ ಹಾರಿಸುತ್ತಲೇ ಇರುತ್ತವೆ. ನಿಲ್ಲಿಸಬೇಕಾದ್ದು ಇಗ್ನಿಷನ್ ಸ್ವಿಚ್‌ನಿಂದಲೇ. ಯಾವ ಸ್ವಿಚ್ ಯಾವ ಪೆಟ್ಟಿಗೆಯದ್ದು ಅಂತ ಡ್ಯಾಶ್‌ಬೋರ್ಡ್ ಮೇಲೆ ಸ್ಪಷ್ಟವಾಗಿ ಬರೆದಿರಬೇಕು.

ಇಳಿದ ಮೇಲೆ, ಬಿಸಿ ಕಡಿಮೆ ಆಯಿತಲ್ಲ ಅಂತ ಮತ್ತೆ ಹಾರಬೇಡಿ. ಎಂಜಿನ್ ಮಾನಿಟರ್‌ನಲ್ಲಿ ದಾಖಲಾದ ಅಂಕಿಅಂಶ ಇಳಿಸಿಕೊಂಡು ಬಿಸಿ ಯಾವ ಕ್ಷಣದಿಂದ ಏರಿತು ನೋಡಿ. ಪ್ಲಗ್ ಬಿಚ್ಚಿ ಒಳಗಿನ ಪಿಂಗಾಣಿ ಬಿರುಕು ಬಿಟ್ಟಿದೆಯಾ ನೋಡಿ. ಬಿರುಕಿನ ಪಿಂಗಾಣಿ ಕೆಂಡದಂತೆ ಕಾದು ಮುಂದಿನ ಸಲ ಕಿಡಿಗೂ ಮುಂಚೆಯೇ ಬೆಂಕಿ ಹಚ್ಚಬಲ್ಲದು. ಬೋರ್‌ಸ್ಕೋಪ್ ಅನ್ನುವ ಪುಟ್ಟ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆ ನೋಡಿ. ಅಂಚಿನಲ್ಲಿ ಮರಳು ಉಜ್ಜಿದಂತೆ ಹೊಳೆಯುವ ಚುಕ್ಕೆಗಳು ಕಂಡರೆ ಡೆಟೊನೇಷನ್ ಆಗಿದೆ ಅಂತಲೇ ಲೆಕ್ಕ. ಆಮೇಲೆ ಟೈಮಿಂಗ್ ಅನ್ನು ಹೊಸದಾಗಿ, ಸೊನ್ನೆಯಿಂದ ನೋಡಿ. ಈ ಸಲ ಬೇರೆ ಮೆಕ್ಯಾನಿಕ್ ನೋಡಲಿ.